ಕೆಂಪು ಮುಚ್ಚಳದ ಮುಲಾಮು

ನಮ್ಮ ಲಾಂಡ್ರಿಯಲ್ಲಿ ಯಂತ್ರಕ್ಕೆ ಬೀಳದ ಬಟ್ಟೆ ಎಂದರೆ ಒಂದೇ, ನಾವು ಕಟ್ಟಿಕೊಳ್ಳುವ ಏಪ್ರನ್. ದೊಡ್ಡ ಹೋಟೆಲೊಂದರ ನೆಲಮಾಳಿಗೆ ನಮ್ಮದು. ಮೇಲಿನ ಇನ್ನೂರು ಕೋಣೆಗಳ ಚಾದರ, ಟವೆಲು, ಮೇಜಿನ ಬಟ್ಟೆ ಎಲ್ಲವೂ ದಿನಾ ಕುದಿಯುವ ನೀರಿನಲ್ಲಿ ಮುಳುಗಿ ಏಳುತ್ತವೆ. ಏಪ್ರನ್ನಿಗೆ ಆ ಭಾಗ್ಯವಿಲ್ಲ. ಅದರ ಹೊರಗೆ ರಬ್ಬರು, ಒಳಗೆ ದಪ್ಪ ಬಟ್ಟೆಯ ಪದರ, ಸೊಂಟಕ್ಕೆ ಎರಡು ಸುತ್ತು ಬರುವ ನವಾರ. ಯಂತ್ರಕ್ಕೆ ಹಾಕಿದರೆ ರಬ್ಬರು ಬಿರಿಯುತ್ತದಂತೆ. ಇರುವುದು ಹನ್ನೆರಡು. ಬೆಳಗಿನ ಪಾಳಿಗೆ ಹನ್ನೆರಡು ಹೆಂಗಸರು, ಮಧ್ಯಾಹ್ನದ ಪಾಳಿಗೆ ಹನ್ನೆರಡು ಹೆಂಗಸರು. ಎರಡು ಗಂಟೆಗೆ ಒಬ್ಬಳು ಬಿಚ್ಚುತ್ತಾಳೆ, ಇನ್ನೊಬ್ಬಳು ಕಟ್ಟುತ್ತಾಳೆ. ಮಧ್ಯಾಹ್ನದವರು ಕೆಲಸ ಮುಗಿಸಿ ಹೋಗುವಾಗ ಎಲ್ಲವನ್ನೂ ಒಂದರ ಮೇಲೊಂದರಂತೆ ಒಂದೇ ಕೊಂಡಿಗೆ ತೂಗುಹಾಕುತ್ತಾರೆ. ಬೆಳಿಗ್ಗೆ ಆರಕ್ಕೆ ನಾವು ತೆಗೆದರೆ ಒಳಪದರ ಹಿಂಡಿದ ಹಸಿ ಒರೆಸುಬಟ್ಟೆಯ ಹಾಗಿರುತ್ತದೆ. ಹದಿನಾಲ್ಕು ವರ್ಷದಿಂದ ನನ್ನ ದಿನ ಶುರುವಾಗುವುದು ಆ ತಣ್ಣನೆಯ ನವಾರ ಹೊಟ್ಟೆಗೆ ತಾಗಿದಾಗ.

ನನ್ನ ಕೆಲಸ ಯಂತ್ರಕ್ಕೆ ಹಾಕುವ ಮೊದಲು ಕೈಯಿಂದ ಕಲೆ ತೆಗೆಯುವುದು. ವೈನು, ಮೊಟ್ಟೆ, ರಕ್ತ, ತುಟಿಯ ಬಣ್ಣ, ಯಾವುದಕ್ಕೆ ತಣ್ಣೀರು, ಯಾವುದಕ್ಕೆ ಉಪ್ಪು, ಯಾವುದನ್ನು ಮುಟ್ಟದೆ ಒಣಗಲು ಬಿಡಬೇಕು ಎಂದು ನನ್ನ ಬೆರಳಿಗೆ ಗೊತ್ತು. ಎಲ್ಲರೂ ನನ್ನನ್ನು ಕಲೆಯಕ್ಕ ಎನ್ನುತ್ತಾರೆ. ಹೊಸದಾಗಿ ಸೇರಿದವರು ನಾನು ಚಿತ್ರ ಬರೆಯುತ್ತೇನೆ ಅಂದುಕೊಳ್ಳುವುದೂ ಉಂಟು.

ಎಂಟು ತಿಂಗಳ ಹಿಂದೆ ನವಾರ ಕೂರುವ ಜಾಗದಲ್ಲಿ ಅಂಗಿಯ ಗುಂಡಿಯಷ್ಟಗಲ ಕೆಂಪಗೆ ಎದ್ದಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಕೆರೆದುಕೊಳ್ಳುವುದನ್ನು ಕನ್ನಡಕದಕ್ಕ ಕಂಡಳು. ನಮ್ಮ ಪಾಳಿಯಲ್ಲಿ ಎಲ್ಲರಿಗಿಂತ ಹಳಬಳು ಅವಳು.

"ಹುಳುಕಡ್ಡಿ ಕಣೆ ಅದು. ಇಲ್ಲಿ ಯಾರಿಗಿಲ್ಲ ಹೇಳು. ಮದ್ದಿನ ಡಬ್ಬೀಲಿ ಕೆಂಪು ಮುಚ್ಚಳದ್ದಿದೆ, ಹಚ್ಕೋ. ನಾಳೆ ಸಂಜೆಗೆ ತುರಿಕೆ ಎಲ್ಲಿತ್ತು ಅಂತ ನೀನೇ ಹುಡುಕ್ಬೇಕು."

ಅವಳು ಹೇಳಿದಂತೆಯೇ ಆಯಿತು. ಎರಡು ದಿನಕ್ಕೆ ತುರಿಕೆ ನಿಂತಿತು, ಕೆಂಪು ಇಳಿಯಿತು. ಹಚ್ಚುವುದು ಬಿಟ್ಟೆ. ಹತ್ತು ದಿನಕ್ಕೆ ಮತ್ತೆ ಬಂತು, ಈ ಸಲ ಬಳೆಯಷ್ಟಗಲ. ಮತ್ತೆ ಹಚ್ಚಿದೆ, ಮತ್ತೆ ಇಳಿಯಿತು, ಮತ್ತೆ ಬಂತು. ಎಂಟು ತಿಂಗಳಲ್ಲಿ ಅದು ಸೊಂಟವನ್ನು ಪೂರ್ತಿ ಸುತ್ತಿ, ತೊಡೆಯ ಸಂದಿಗೆ ಇಳಿದು, ಹೊಟ್ಟೆಯ ಮೇಲೆ ಉಂಗುರದೊಳಗೆ ಉಂಗುರ ಬಿಡಿಸಿತ್ತು. ಟ್ಯೂಬು ಮುಗಿದಂತೆಲ್ಲ ಪಟ್ಟಿಯಪ್ಪ ಹೊಸದು ತಂದಿಡುತ್ತಿದ್ದ. ನಮ್ಮ ಮೇಲ್ವಿಚಾರಕನಿಗೆ ನಾವಿಟ್ಟ ಹೆಸರದು. ಕೈಯಲ್ಲಿ ಯಾವುದಾದರೊಂದು ಪಟ್ಟಿ ಇಲ್ಲದೆ ಅವನನ್ನು ನಾವು ಕಂಡೇ ಇಲ್ಲ. ಇನ್ನೊಂದು ಹನ್ನೆರಡು ಏಪ್ರನ್ ಕೊಡಿ ಎಂದರೆ "ಮೇಲಿಂದ ಒಪ್ಪಿಗೆ ಬರ್ಬೇಕು" ಎನ್ನುತ್ತಿದ್ದವನು ಮುಲಾಮನ್ನು ಮಾತ್ರ ಕೇಳುವ ಮೊದಲೇ ತರುತ್ತಿದ್ದ. ಎಷ್ಟು ಒಳ್ಳೆಯವನು ಎಂದು ಆಗ ನನಗೆ ಅನ್ನಿಸಿದ್ದೂ ಸುಳ್ಳಲ್ಲ.

ಮನೆಯಲ್ಲಿ ಇದು ನನ್ನ ರೋಗ. ಅತ್ತೆ ನನ್ನ ಬಟ್ಟೆಗೆ ನೀಲಿ ಬಕೆಟ್ಟು ಬೇರೆ ಮಾಡಿದರು. ನಮ್ಮವರು ಬಸ್ಸಿನ ಡ್ರೈವರು. ನಾಲ್ಕು ತಿಂಗಳ ಹಿಂದೆ ಒಂದು ಸಂಜೆ ದಿಂಬು ಎತ್ತಿಕೊಂಡು, "ನನ್ನದು ದಿನವಿಡೀ ಸೀಟಲ್ಲಿ ಕೂರೋ ಕೆಲಸ. ಅಂಟ್ಕೊಂಡ್ರೆ ಕಷ್ಟ, ತಪ್ಪು ತಿಳ್ಕೋಬೇಡ" ಎಂದು ಹಜಾರಕ್ಕೆ ಹೋದರು. ನಾನು ತಲೆ ತಗ್ಗಿಸಿ ಹಿಂದೆಯೇ ಹೋಗಿ ಹೊದಿಕೆ ಕೊಟ್ಟು ಬಂದೆ. ಮೈಯಲ್ಲಿ ರೋಗವಿರುವ ಹೆಂಗಸು ತಾನೇ ಏನೋ ತಪ್ಪು ಮಾಡಿದವಳ ಹಾಗೆ ನಡೆಯುತ್ತಾಳೆ. ಯಾರೂ ಹೇಳಿಕೊಡಬೇಕಿಲ್ಲ. ಬಚ್ಚಲಲ್ಲಿ ದೀಪ ಹಾಕದೆ ಸ್ನಾನ ಮಾಡಿದೆ. ಒಳಬಟ್ಟೆಯನ್ನು ಬಾಗಿಲ ಹಿಂದೆ, ಟವೆಲಿನ ಅಡಿಯಲ್ಲಿ, ಗಾಳಿಗೂ ಕಾಣದಂತೆ ಒಣಗಿಸಿದೆ. ಅದು ಒಣಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಒಂದು ಶನಿವಾರ ತೊಡೆಯ ಚರ್ಮ ಒಡೆದು ನೀರು ಒಸರಿದಾಗ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ನೋಡಿದರು, ನನ್ನ ಕೈಯಿಂದ ಟ್ಯೂಬು ತೆಗೆದುಕೊಂಡು ಅದರ ಬೆನ್ನಿನ ಸಣ್ಣಕ್ಷರಗಳನ್ನು ಓದಿದರು.

"ಇದನ್ನ ಯಾರು ಬರೆದುಕೊಟ್ರು?"

"ಯಾರೂ ಬರೆದುಕೊಟ್ಟಿಲ್ಲ. ಕೆಲಸದ ಕಡೆ ಡಬ್ಬೀಲಿರುತ್ತೆ."

"ಇದರಲ್ಲಿ ಮೂರು ಔಷಧಿ ಕಲಸಿದೆ. ಒಂದು ಫಂಗಸ್ಸಿಗೆ, ಒಂದು ಬ್ಯಾಕ್ಟೀರಿಯಾಕ್ಕೆ. ಮೂರನೇದು ಜೋರಾದ ಸ್ಟೆರಾಯ್ಡು. ಅದು ಕೆಂಪು, ಉರಿ, ತುರಿಕೆ ಮೂರನ್ನೂ ಅಡಗಿಸುತ್ತೆ. ಜೊತೆಗೆ ಚರ್ಮದ ಕಾವಲುಗಾರನನ್ನೂ ಮಲಗಿಸಿಬಿಡುತ್ತೆ. ಕಾವಲುಗಾರ ಮಲಗಿದ ಮನೇಲಿ ಕಳ್ಳ ಏನ್ಮಾಡ್ತಾನೆ?"

"ಉಂಡು ಮಲಗ್ತಾನೆ."

"ಎಂಟು ತಿಂಗಳಿಂದ ಉಂಡಿದಾನೆ." ತೊಡೆಯ ಮೇಲಿನ ನಸುಗೆಂಪು ಗೆರೆಗಳನ್ನು ತೋರಿಸಿದರು. ನಾನು ಅವನ್ನು ವಯಸ್ಸಿನದ್ದು ಎಂದುಕೊಂಡಿದ್ದೆ. "ಚರ್ಮ ತೆಳ್ಳಗಾಗಿದೆ. ಈ ಗೆರೆ ಪೂರ್ತಿ ಹೋಗಲ್ಲ. ತುಂಬಾ ಉರಿ ಇದ್ದಾಗ ಸೌಮ್ಯವಾದ ಸ್ಟೆರಾಯ್ಡು ಕಲಸಿದ್ದನ್ನ ನಾವೂ ಕೆಲವೊಮ್ಮೆ ಕೊಡ್ತೀವಿ, ಒಂದು ವಾರ, ನಮ್ಮ ಕಣ್ಣೆದುರಲ್ಲಿ. ನಿಮಗೆ ಈಗ ಅದೂ ಬೇಡ."

ಬರೀ ಫಂಗಸ್ಸಿನ ಮುಲಾಮು ಬರೆದರು, ಜೊತೆಗೆ ಮಾತ್ರೆ. ಮುಲಾಮನ್ನು ಕೆಂಪಿನ ಅಂಚಿನಿಂದ ಎರಡು ಬೆರಳು ಆಚೆಯವರೆಗೂ ಹಚ್ಚಬೇಕು, ದಿನಕ್ಕೆ ಎರಡು ಸಲ, ಆರು ವಾರ. ಹೋಯಿತು ಎನ್ನಿಸಿದ ಮೇಲೂ ಎರಡು ವಾರ ಬಿಡಕೂಡದು. ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಬೇಕು. ಮನೆಯಲ್ಲಿ ಯಾರಿಗೆ ತುರಿಕೆಯಿದೆಯೋ ಅವರೂ ಬರಬೇಕು.

"ಇನ್ನೊಂದು ಮಾತು. ಆ ಕೆಂಪು ಮುಚ್ಚಳದ್ದು ಬಿಟ್ಟ ಮೇಲೆ ಒಂದು ವಾರ, ಹತ್ತು ದಿನ, ಈಗಿರೋದಕ್ಕಿಂತ ಜಾಸ್ತಿ ಉರಿಯುತ್ತೆ. ಕಾವಲುಗಾರ ಎದ್ದು ಕೂಗಾಡ್ತಾನೆ. ಹೆದರಿ ಹಳೇದಕ್ಕೆ ಕೈ ಹಾಕ್ಬೇಡಿ."

ಸೋಮವಾರ ಪಟ್ಟಿಯಪ್ಪ ನಮ್ಮನ್ನೆಲ್ಲ ಯಂತ್ರಗಳ ಮುಂದೆ ನಿಲ್ಲಿಸಿದ. "ಮೇಲೊಬ್ಬ ಅತಿಥಿಗೆ ಟವೆಲಿಂದ ಮೈ ತುರಿಸಿದೆಯಂತೆ. ಗುರುವಾರ ನರ್ಸಮ್ಮ ಬರ್ತಾರೆ, ಬೆಳಗಿನ ಪಾಳಿಯವರ ಮೈ ನೋಡ್ತಾರೆ. ಚರ್ಮರೋಗ ಇರೋರು ಕೆಲಸದಲ್ಲಿರೋ ಹಾಗಿಲ್ಲ. ಇದು ನನ್ನ ಮಾತಲ್ಲ, ಮೇಲಿನವರದ್ದು."

ಅಷ್ಟು ಹೇಳಿ, ಹೋಗುವಾಗ ಮದ್ದಿನ ಡಬ್ಬಿಗೆ ನಾಲ್ಕು ಹೊಸ ಟ್ಯೂಬು ಹಾಕಿದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕನ್ನಡಕದಕ್ಕ ಟ್ಯೂಬುಗಳನ್ನು ಮೂವರಿಗೊಂದರಂತೆ ಹಂಚಿದಳು. "ಇವತ್ತಿಂದಲೇ ಎರಡೆರಡು ಹೊತ್ತು ಬಳ್ಕೊಳ್ಳಿ. ಗುರುವಾರಕ್ಕೆ ನಮ್ಮ ಸೊಂಟ ಎಳೇ ಮಗುವಿನ ಕೆನ್ನೆ."

"ನನ್ನ ಸೊಂಟ ಎಲ್ಲಿದೆ ಅಂತ ಹುಡುಕೋಕೇ ನರ್ಸಮ್ಮಂಗೆ ಅರ್ಧ ದಿನ ಬೇಕು" ಎಂದಳು ನಮ್ಮಲ್ಲಿ ದಪ್ಪನೆಯವಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಕಾವಲುಗಾರನ ಕಥೆ ಕೇಳಿ ಒಬ್ಬಿಬ್ಬರು ಬೆರಳಿಗೆ ಹಿಂಡಿಕೊಂಡ ಮುಲಾಮನ್ನೇ ನೋಡುತ್ತ ನಿಂತರು.

"ಎಲ್ಲ ನಿಜ ಇರ್ಬಹುದಮ್ಮ" ಎಂದಳು ಕನ್ನಡಕದಕ್ಕ. "ಗುರುವಾರ ನಿನ್ನನ್ನ ಆಚೆ ಹಾಕಿದ್ರೆ ಆ ಡಾಕ್ಟರಮ್ಮ ಬಂದು ನಿನ್ನ ಜಾಗದಲ್ಲಿ ಕಲೆ ತೆಗೀತಾಳಾ? ನಾಲ್ಕು ದಿನ ಹಚ್ಚು. ಕೆಲಸ ಉಳಿಸ್ಕೋ. ಶುಕ್ರವಾರದಿಂದ ನಿನ್ನ ಪಥ್ಯ ಶುರು ಮಾಡು."

ಅವಳ ಮಾತಿನಲ್ಲಿ ಅಕ್ಕರೆ ಇತ್ತು, ಅದೇ ಕಷ್ಟ. ಅಂದು ಮಧ್ಯಾಹ್ನದವರೆಗೆ ಮೊಟ್ಟೆಯ ಕಲೆಯಿದ್ದ ಮೇಜಿನ ಬಟ್ಟೆಗಳನ್ನು ತಿಕ್ಕುತ್ತಾ ನಾನು ಅದನ್ನೇ ಯೋಚಿಸಿದೆ. ಕೆಲಸ ಬರದವರು ಎಂಥ ಕಲೆಗೂ ಬ್ಲೀಚು ಸುರಿಯುತ್ತಾರೆ. ಬಣ್ಣ ಹೋಗುತ್ತದೆ, ಬಟ್ಟೆ ಬೆಳ್ಳಗೆ ಕಾಣುತ್ತದೆ, ನೋಡಿದವರು ಭೇಷ್ ಎನ್ನುತ್ತಾರೆ. ಇಸ್ತ್ರಿಯ ಬಿಸಿ ತಾಗಿದೊಡನೆ ಅದೇ ಜಾಗದಲ್ಲಿ ಹಳದಿ ಏಳುತ್ತದೆ. ಎರಡು ಮೂರು ಸಲ ಹಾಗೆ ಮಾಡಿದರೆ ಕಲೆ ಇದ್ದಲ್ಲಿ ತೂತು. ಇಷ್ಟು ವರ್ಷದಲ್ಲಿ ಒಂದು ಚಾದರಕ್ಕೂ ನಾನು ಹಾಗೆ ಮಾಡಿದವಳಲ್ಲ. ಯಾರೋ ಒಂದು ರಾತ್ರಿ ಮಲಗಿ ಎದ್ದು ಹೋಗುವ ಚಾದರಕ್ಕೆ ತೋರಿಸಿದ ಮರ್ಯಾದೆಯನ್ನು ನನ್ನ ಚರ್ಮಕ್ಕೆ ತೋರಿಸಿರಲಿಲ್ಲ.

ಮಂಗಳವಾರ ಸಂಜೆಗೆ ಉರಿ ತಾರಕಕ್ಕೇರಿತು. ಕೂರಲಾಗದೆ, ನಿಲ್ಲಲಾಗದೆ, ಅಡುಗೆಮನೆಯ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದೆ. ನಮ್ಮವರು ಕೆಲಸದಿಂದ ಬಂದವರು ನೋಡಿ, ಏನಾಯಿತು ಎಂದರು. ಗುರುವಾರದ ವಿಷಯ ಹೇಳಿದೆ.

"ಮತ್ತೆ ಹಚ್ಕೊಳ್ಳೋದಕ್ಕೇನು? ಎರಡು ದಿನದ ಮಾತು."

"ಡಬ್ಬೀಲಿದ್ದದ್ದನ್ನ ಹಂಚ್ಕೊಂಡ್ರು. ನಾನು ತಗೊಳ್ಳಲಿಲ್ಲ."

ಅವರು ಹಜಾರಕ್ಕೆ ಹೋದರು. ಗಡ್ಡ ಬೋಳಿಸುವ ಸಾಮಾನಿನ ಪೆಟ್ಟಿಗೆ ತೆಗೆದ ಸದ್ದಾಯಿತು. ಬಂದು ಕಟ್ಟೆಯ ಮೇಲೆ ಒಂದು ಟ್ಯೂಬು ಇಟ್ಟರು. ಕೆಂಪು ಮುಚ್ಚಳ. ಬುಡದಿಂದ ಅಚ್ಚುಕಟ್ಟಾಗಿ ಸುತ್ತಿಕೊಂಡು ಬಂದು ಕತ್ತಿನ ಹತ್ತಿರ ಸ್ವಲ್ಪ ಉಳಿದಿತ್ತು.

"ಇದು ಯಾರದ್ದು?" ಎಂದೆ.

"ಯಾರದ್ದಾದ್ರೇನು, ಹಚ್ಕೋ."

"ನಾನು ಟ್ಯೂಬು ಹೀಗೆ ಸುತ್ತಲ್ಲ. ನೀವು ಹಲ್ಲುಜ್ಜೋ ಪೇಸ್ಟು ಸುತ್ತೋದು ಹೀಗೆ."

ಅವರು ನೀರಿನ ಲೋಟಕ್ಕೆ ಕೈ ಹಾಕಿದರು. ಕುಡಿಯಲಿಲ್ಲ.

"ಎಷ್ಟು ದಿನದಿಂದ?"

"ಸೀಟಿನ ಕಾವಿಗೆ ಸ್ವಲ್ಪ... ಗಂಡಸರಿಗೆಲ್ಲ ಇರೋದೇ ಅದು."

"ಎಷ್ಟು ದಿನದಿಂದ ಅಂತ ಕೇಳಿದೆ."

"ಒಂದು ವರ್ಷ ಆಗಿರ್ಬಹುದು."

ನನ್ನದು ಎಂಟು ತಿಂಗಳು. ನಾನು ಲೆಕ್ಕ ಹಾಕುವುದು ಅವರಿಗೂ ಕಾಣುತ್ತಿತ್ತು. ಯಾರಿಂದ ಯಾರಿಗೆ ಬಂತೋ, ನವಾರದಿಂದ ಬಂತೋ, ಹಾಸಿಗೆಯಿಂದ ಬಂತೋ, ಅದು ದೇವರಿಗೇ ಗೊತ್ತು. ಆ ಮಾತಿಗೆ ನಾನು ಸಿಟ್ಟಾಗಲಿಲ್ಲ. ನಾಲ್ಕು ತಿಂಗಳು ದಿಂಬು ಎತ್ತಿಕೊಂಡು ಹೋಗಿ ಮಲಗಿದ್ದಕ್ಕೆ, ಅದನ್ನು ಅತ್ತೆಯ ಮುಂದೆ ತ್ಯಾಗದಂತೆ ತೋರಿಸಿದ್ದಕ್ಕೆ, ನಾನು ಕತ್ತಲಲ್ಲಿ ಸ್ನಾನ ಮಾಡುವಾಗ ಗೋಡೆಯಾಚೆ ಇದೇ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದದ್ದಕ್ಕೆ ಸಿಟ್ಟು ಬಂತು. ರೋಗ ನನ್ನದು, ಮುಲಾಮು ಮಾತ್ರ ಇಬ್ಬರದ್ದು.

"ಶನಿವಾರ ನನ್ನ ಜೊತೆ ಡಾಕ್ಟರಮ್ಮನ ಹತ್ರ ಬರ್ತೀರಿ" ಎಂದೆ.

"ಹೆಂಗಸಿನ ಮುಂದೆ ನಾನು ಹೇಗೆ..."

"ನಾನು ಗುರುವಾರ ಯಾರ ಮುಂದೆ ನಿಲ್ತೀನಿ, ಕೇಳಿದ್ರಾ ನೀವು?"

ಬುಧವಾರ ಕೆಲಸದಿಂದ ಬಂದವಳೇ ಅವರ ಬಟ್ಟೆಗಳನ್ನೂ ನೀಲಿ ಬಕೆಟ್ಟಿಗೆ ಹಾಕಿ ಕುದಿನೀರು ಸುರಿದೆ. ಅತ್ತೆ ಬಂದು ಇಣುಕಿದರು. "ಅವನದ್ಯಾಕೆ ಇದಕ್ಕೆ ಹಾಕ್ದೆ? ನಿನ್ನದು ಅವನಿಗೂ ಅಂಟಲಿ ಅಂತಲಾ?"

"ಯಾಕೆ ಅಂತ ನಿಮ್ಮ ಮಗನ್ನೇ ಕೇಳಿ ಅತ್ತೆ."

ಅತ್ತೆ ಹಜಾರದ ಕಡೆ ನೋಡಿದರು. ಅಲ್ಲಿ ಪತ್ರಿಕೆಯ ಹಿಂದೆ ಒಂದು ಮುಖ ಇನ್ನಷ್ಟು ಒಳಗೆ ಸರಿಯಿತು. ಹೆತ್ತವರಿಗೆ ಅಷ್ಟು ಸಾಕು. ಅವರು ಒಳಗೆ ಹೋದರು. ನಾನು ಎಲ್ಲವನ್ನೂ ಮಹಡಿಯ ಮೇಲೆ ಸಂಜೆಬಿಸಿಲಿಗೆ ಹರವಿದೆ, ನನ್ನ ಒಳಬಟ್ಟೆ ಸಮೇತ, ಮೇಲೊಂದು ಟವೆಲು ಮುಚ್ಚದೆ. ಎದುರು ಮನೆಯ ಕಿಟಕಿಯಲ್ಲಿ ಯಾರೋ ನಿಂತು ನೋಡಿದರು. ನೋಡಲಿ, ಅವರ ಮನೆಯಲ್ಲೂ ಒಳಬಟ್ಟೆ ಇರುತ್ತದೆ.

ಗುರುವಾರ ಗೋದಾಮಿನ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಪರದೆ. ನರ್ಸಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಬೇಗ ಮುಗಿಸಿ ಇನ್ನೆಲ್ಲಿಗೋ ಹೋಗಬೇಕಾದವಳಂತಿದ್ದಳು. ಒಬ್ಬೊಬ್ಬರೇ ಒಳಗೆ ಹೋದರು, ಅಂಗಿ ಎತ್ತಿದರು, ಇಳಿಸಿದರು, ಬಂದರು. ಹನ್ನೊಂದು ಜನ. ಹನ್ನೊಂದೂ ಶುದ್ಧ. ಕನ್ನಡಕದಕ್ಕ ಬರುವಾಗ ನನ್ನ ಮುಖ ನೋಡಲಿಲ್ಲ.

ನಾನು ಅಂಗಿ ಎತ್ತಿದಾಗ ನರ್ಸಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿದಳು. ಸೊಂಟದ ಸುತ್ತ ಕೆಂಡದ ಡಾಬು ಕಟ್ಟಿದ ಹಾಗಿತ್ತು.

"ನಿಮ್ಮೊಬ್ಬರದ್ದೇ ಇರೋದು" ಎಂದಳು.

ಪರದೆಯಾಚೆಯಿಂದ ಪಟ್ಟಿಯಪ್ಪನಿಗೆ ಕೇಳಿಸಿತು. ನಾನು ಅಂಗಿ ಸರಿಮಾಡಿಕೊಂಡ ಮೇಲೆ ಒಂದು ಕಾಗದ ಹಿಡಿದು ಬಂದ. "ಬೇಜಾರು ಮಾಡ್ಕೋಬೇಡಿ ಕಲೆಯಕ್ಕ. ಆರು ವಾರ ರಜೆ ತಗೊಳ್ಳಿ. ಗುಣ ಆದ್ಮೇಲೆ ಬನ್ನಿ, ನಿಮ್ಮ ಜಾಗ ಇರುತ್ತೆ. ಇಲ್ಲೊಂದು ಸಹಿ."

ಓದಿದೆ. ನನ್ನ ಹೆಸರಿಗೆ ಖಾಲಿ ಜಾಗ ಬಿಟ್ಟಿದ್ದರು. ಕಾರಣಕ್ಕೆ ಬಿಟ್ಟಿರಲಿಲ್ಲ. ಅದು ಮೊದಲೇ ಅಚ್ಚಾಗಿತ್ತು: ವೈಯಕ್ತಿಕ ಶುಚಿತ್ವದ ಕೊರತೆ.

ಹದಿನಾಲ್ಕು ವರ್ಷ ಇನ್ನೂರು ಕೋಣೆಗಳ ಕೊಳೆಯನ್ನು ಕೈಯಲ್ಲಿ ಹಿಡಿದು ತಿಕ್ಕಿದವಳಿಗೆ ಶುಚಿತ್ವದ ಕೊರತೆ.

"ಇದಕ್ಕೆ ಸಹಿ ಹಾಕಲ್ಲ" ಎಂದೆ.

"ಹಾಕದಿದ್ರೆ ವಾಪಸ್ ಬರೋದಕ್ಕೆ ದಾರಿ ಇರಲ್ಲ. ಯೋಚನೆ ಮಾಡಿ. ಒಂದು ಸಾಲು, ಯಾರು ಓದ್ತಾರೆ ಅದನ್ನ?"

"ನಾನು ಓದಿದೆನಲ್ಲ."

ಹೊರಗೆ ಹೋಗಿ ನನ್ನ ಏಪ್ರನ್ ತಂದೆ. ನರ್ಸಮ್ಮನ ಮೇಜಿನ ಮೇಲೆ, ಅವಳ ಪುಸ್ತಕದ ಪಕ್ಕದಲ್ಲಿ, ಒಳಮೈ ಮೇಲಾಗಿ ಹರಡಿದೆ. "ಒಂದ್ಸಲ ಒತ್ತಿ ನೋಡಿ."

"ಇದನ್ನ ನೋಡೋಕೆ ನನ್ನನ್ನ ಕರೆಸಿಲ್ಲ."

"ಗೊತ್ತು. ಆದ್ರೂ ಒತ್ತಿ."

ಅವಳು ಎರಡು ಬೆರಳಿನಿಂದ ಒತ್ತಿದಳು. ಬೆರಳ ಸುತ್ತ ನೀರು ಒಸರಿತು. ಮೂಗಿನ ಹತ್ತಿರ ತಂದು, ಬೇಗನೆ ಕರವಸ್ತ್ರಕ್ಕೆ ಒರೆಸಿಕೊಂಡಳು. "ಇದನ್ನ ಯಾವಾಗ ಒಗೀತಾರೆ?"

"ಒಗೆಯಲ್ಲ. ನಿನ್ನೆ ಇದನ್ನ ಮಧ್ಯಾಹ್ನದವಳು ಕಟ್ಕೊಂಡಿದ್ದಳು. ಇವತ್ತು ಎರಡು ಗಂಟೆಗೆ ಮತ್ತೆ ಅವಳೇ ಕಟ್ಕೋತಾಳೆ. ಮೇಲಿನ ಟವೆಲಿಗೆ ಕುದಿನೀರಿದೆ ಅಮ್ಮ, ನಮಗೆ ಮುಲಾಮಿದೆ."

ಪಟ್ಟಿಯಪ್ಪ ಗಂಟಲು ಸರಿಮಾಡಿಕೊಂಡ. "ಉಳಿದ ಹನ್ನೊಂದು ಜನಾನೂ ಇದೇ ಥರದ್ದೇ ಕಟ್ಕೊಳ್ಳೋದು. ಅವರಿಗೇನೂ ಆಗಿಲ್ಲವಲ್ಲ."

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಬಾಗಿಲಲ್ಲಿ ಅವರೆಲ್ಲ ನಿಂತಿದ್ದರು. ಅವರ ಡಬ್ಬಿಯ ಗುಟ್ಟು ಹೇಳಿದ್ದರೆ ಹನ್ನೊಂದು ಕೆಲಸ ಹೋಗುತ್ತಿತ್ತು. ಹೇಳದಿದ್ದರೆ ನನ್ನ ಮಾತು ಸುಳ್ಳಾಗುತ್ತಿತ್ತು. ನೋವಿಗಿಂತ ಹೆಚ್ಚು ಉರಿಸಿದ್ದು ಅದು: ಪಟ್ಟಿಯಪ್ಪ ನನ್ನ ಪಾಳಿಯವರ ಸೊಂಟಗಳನ್ನೇ ನನ್ನ ವಿರುದ್ಧ ಸಾಕ್ಷಿ ನಿಲ್ಲಿಸಿದ್ದ.

"ಅವರದ್ದು ಅವರನ್ನೇ ಕೇಳಿ. ನಾನು ನನ್ನದು ಹೇಳ್ತಿದೀನಿ."

ಒಗೆಯುವ ಯಂತ್ರ ಸುತ್ತುವ ಸದ್ದು ಗೋಡೆಯಲ್ಲಿ ಗುಂಯ್‌ಗುಡುತ್ತಿತ್ತು. ಆಮೇಲೆ ಕನ್ನಡಕದಕ್ಕ ಒಳಗೆ ಬಂದಳು. ಪಟ್ಟಿಯಪ್ಪನಿಗೆ, "ನೀವು ಸ್ವಲ್ಪ ಆಚೆ ಹೋಗಿ" ಎಂದಳು.

"ನಿಮ್ಮದು ಆಯ್ತಲ್ಲ" ಎಂದಳು ನರ್ಸಮ್ಮ.

"ಆಗಿಲ್ಲಮ್ಮ. ಸೋಮವಾರದಿಂದ ಮುಲಾಮು ಬಳಿದ ಮೈ ಅದು. ನೀವು ನೋಡಿದ್ದು ಮುಲಾಮನ್ನ. ಮುಂದಿನ ವಾರ ಹೇಳ್ದೆ ಕೇಳ್ದೆ ಬನ್ನಿ, ಆಗ ನೋಡಿ ನನ್ನದು ಏನಿದೆ ಅಂತ." ಹಿಂದಿರುಗಿ ಬಾಗಿಲ ಕಡೆ ನೋಡಿ, "ಏನ್ರೇ, ಬರ್ತೀರೋ, ಅಲ್ಲೇ ಕಂಬದ ಹಾಗೆ ನಿಂತಿರ್ತೀರೋ?" ಎಂದಳು.

ದಪ್ಪನೆಯವಳು ಬಂದಳು. ಇನ್ನೊಬ್ಬಳು ಬಂದಳು. ಅಷ್ಟೇ. ಉಳಿದ ಎಂಟು ಜನ ಒಬ್ಬರ ಹಿಂದೊಬ್ಬರು ಯಂತ್ರಗಳ ಕಡೆ ಹೋದರು. ಅವರ ಮನೆಗಳ ಕಷ್ಟ ನನಗೆ ಗೊತ್ತಿದೆ. ಆದರೂ ಅವರ ಮೇಲೆ ನನಗಿನ್ನೂ ಸಿಟ್ಟು ಹೋಗಿಲ್ಲ.

ನರ್ಸಮ್ಮ ಬಹಳ ಹೊತ್ತು ಬರೆದಳು. ಅಂಗಿ ಎತ್ತಿದವರನ್ನು ನೋಡಿದಳು, ಏಪ್ರನ್ನು ಎಷ್ಟಿವೆ ಎಂದು ಕೇಳಿದಳು, ಮುಲಾಮಿನ ಹೆಸರನ್ನು ಅಕ್ಷರ ಅಕ್ಷರ ನೋಡಿ ಬರೆದುಕೊಂಡಳು. ಆ ಬರಹವನ್ನು ಮೇಲಿನವರು ಏನು ಮಾಡುತ್ತಾರೆ ಎಂದು ನಾನು ಕೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ನಾನು ಚೀಲ ತೆಗೆದುಕೊಂಡು ಮೆಟ್ಟಿಲ ಹತ್ತಿರ ಬಂದಾಗ ಪಟ್ಟಿಯಪ್ಪ ಅದೇ ಕಾಗದ ಹಿಡಿದು ನಿಂತಿದ್ದ. "ನನ್ನ ಪರಿಸ್ಥಿತಿನೂ ಅರ್ಥ ಮಾಡ್ಕೊಳ್ಳಿ. ಸಹಿ ಇಲ್ಲದೆ ಇದನ್ನ ನಾನು ಮೇಲೆ ಹೇಗೆ ಕೊಡ್ಲಿ?"

"ಕಾರಣದ ಜಾಗ ಖಾಲಿ ಬಿಟ್ಟು ಬೇರೆ ಅಚ್ಚು ಹಾಕಿಸಿ. ನಾನೇ ಬರ್ಕೊಡ್ತೀನಿ" ಎಂದೆ. "ಆರು ವಾರಕ್ಕೆ ಬರ್ತೀನಿ. ಆಗ ತನ್ನಿ."

ನಡೆದರೆ ಬಟ್ಟೆ ಸೊಂಟಕ್ಕೆ ತಾಗಿ ಉರಿಯುತ್ತಿತ್ತು. ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿ, ಅತಿಥಿಗಳು ಓಡಾಡುವ ಮುಂಬಾಗಿಲಿನಿಂದಲೇ ಹೊರಗೆ ಬಂದೆ.